ಬಂಗಲೆಯ ಹಳೆಯ ಗೇಟು: ಬಣ್ಣಕ್ಕೆ ಮೊದಲು ನೀರು ನಿಲ್ಲುವ ಜಾಗ ಹುಡುಕಿ

ಪ್ರಶ್ನೆ: ಕೊಡಗಿನ ನಮ್ಮ ತೋಟದ ಬಂಗಲೆಗೆ ನೂರು ವರ್ಷ ದಾಟಿದ, ಹೂಬಳ್ಳಿ ಚಿತ್ತಾರದ ಕಬ್ಬಿಣದ ಗೇಟಿದೆ. ಇಕ್ಕೆಲದಲ್ಲೂ ಕಲ್ಲುಕಟ್ಟೆಯ ಮೇಲೆ ಕಂಬಿಬೇಲಿ. ಗೇಟು ಜೋತು ನೆಲ ಕೆರೆಯುತ್ತದೆ, ಕಂಬಿ ನೆಟ್ಟಲ್ಲಿ ಕಲ್ಲು ಸೀಳಿದೆ. ವೆಲ್ಡಿಂಗ್ ಮಾಡಿಸಿ ಕಪ್ಪು ಬಣ್ಣ ಹೊಡೆಸಿದರೆ ಸಾಕೇ?

ಉತ್ತರ: ಸಾಲದು. ಮೊದಲು ಕಬ್ಬಿಣ ಯಾವುದೆಂದು ನೋಡಿ. ಹೂಗಳೆಲ್ಲ ತದ್ರೂಪವಾಗಿದ್ದು ಅಂಚಿನಲ್ಲಿ ಅಚ್ಚಿನ ಗೆರೆ ಕಂಡರೆ ಬೀಡು ಕಬ್ಬಿಣ, ಅಂದರೆ ಕರಗಿಸಿ ಅಚ್ಚಿಗೆ ಎರಕ ಹೊಯ್ದದ್ದು. ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋದಿಂದ ಬಂದ ಕಂಬಗಳು ಇದೇ ಜಾತಿಯವು. ಸುರುಳಿಯಿಂದ ಸುರುಳಿಗೆ ಕೊಂಚ ವ್ಯತ್ಯಾಸ, ಸುತ್ತಿಗೆಯ ಗುರುತು, ಪಟ್ಟಿ ಸುತ್ತಿ ಬಿಗಿದ ಜೋಡಣೆ ಇದ್ದರೆ ಕುಲುಮೆಯಲ್ಲಿ ಬಡಿದ ಮೆದು ಕಬ್ಬಿಣ. ವೇಲ್ಸ್‌ನ ಚರ್ಕ್ ಕೋಟೆಗೆ ಡೇವಿಸ್ ಸಹೋದರರು 1712–1719ರಲ್ಲಿ ಮಾಡಿಕೊಟ್ಟ ಗೇಟುಗಳು ಈ ಕಸುಬಿನ ಶಿಖರ. ಒಂದೇ ಗೇಟಿನಲ್ಲಿ ಎರಡೂ ಸೇರಿರುವುದುಂಟು.

ಬೀಡಿಗೆ ಮಾಮೂಲಿ ವೆಲ್ಡಿಂಗ್ ಖಂಡಿತ ಬೇಡ. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ. ಒಂದೇ ಕಡೆ ಕಾದು ಬೇಗ ಆರಿದರೆ ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ. ಮುರಿದ ಭಾಗಕ್ಕೆ ಹಿಂದಿನಿಂದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿ, ಇಲ್ಲವೇ ಸರಿಯಿರುವ ಹೂವಿನಿಂದ ಅಚ್ಚು ತೆಗೆಸಿ ಹೊಸದು ಎರಕ ಹೊಯ್ಯಿಸಿ. ಎರಕ ಆರುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ, ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು.

ಗೇಟು ಜೋತಿದೆಯೆಂದು ತಳ ಕತ್ತರಿಸಿಬಿಡುವವರಿದ್ದಾರೆ. ಆ ತಪ್ಪು ಮಾಡಬೇಡಿ. ಇಂಥ ಗೇಟಿನ ಭಾರವೆಲ್ಲ ಅದು ತಿರುಗುವ ಕೆಳಗಿನ ಗೂಟದ ಮೇಲೆ. ಆ ಗೂಟ ಕಲ್ಲಿನ ಬಟ್ಟಲಲ್ಲಿ ಸವೆದು ಗಿಡ್ಡವಾಗಿರುತ್ತದೆ. ಗೇಟು ಎತ್ತಿ, ಬಟ್ಟಲಿನ ಮಣ್ಣು ತೆಗೆದು, ಲೇತಿನಲ್ಲಿ ಹೊಸ ಗೂಟ ಕಡೆಸಿ, ಗ್ರೀಸ್ ತುಂಬಿ. ಗೇಟನ್ನು ಕಂಬಕ್ಕೆ ಹಿಡಿದಿಡುವ ಮೇಲಿನ ಕೊರಳಪಟ್ಟಿ ಸಡಿಲವಾಗಿದ್ದರೆ ಅದನ್ನೂ ಬಿಗಿಸಿ.

ಕಲ್ಲು ಸೀಳಿದ್ದು, ಕಂಬಿ ನೆಟ್ಟ ಗುಳಿಯಲ್ಲಿ ನೀರು ನಿಂತು ಹಿಡಿದ ತುಕ್ಕಿನಿಂದ. ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಬೇಡುತ್ತದೆ, ಸಿಗದಿದ್ದರೆ ಕಲ್ಲನ್ನೇ ಒಡೆಯುತ್ತದೆ. ಗುಳಿಯಲ್ಲಿನ ತುಣುಕನ್ನು ಕೊರೆದು ತೆಗೆದು, ಕಂಬಿಗೆ ಸ್ಟೇನ್‌ಲೆಸ್ ಬುಡ ಕೂಡಿಸಿ ಕರಗಿಸಿದ ಸೀಸ ಹೊಯ್ದು ಮತ್ತೆ ನೆಡಿಸಿ. ಸೀಸ ಕರಗುವುದು 327 ಡಿಗ್ರಿಗೆ. ಗುಳಿಯಲ್ಲಿ ಹನಿ ನೀರಿದ್ದರೂ ಆವಿಯಾಗಿ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ. ಪೂರ್ತಿ ಒಣಗಿಸದೆ ಹೊಯ್ಯಲೇಬಾರದು. ಸಿಮೆಂಟ್ ತುಂಬಿದರೆ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಟ್ಟು ನೀರು ಇಳಿಯುತ್ತದೆ.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು: ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ ಕೆರೆದು, ಸಿಪ್ಪೆಯನ್ನು ಹಾಳೆಯಲ್ಲಿ ಹಿಡಿಯಿರಿ. ಕೆರೆಯುವ ಮೊದಲು ಮರೆಯಲ್ಲಿ ಎರಡು ಸೆಂಟಿಮೀಟರ್ ಜಾಗವನ್ನು ಪದರ ಪದರವಾಗಿ ಬಿಡಿಸಿ ನೋಡಿ, ತಳದಲ್ಲಿ ಹಸಿರೋ ಕಲ್ಲುಬಣ್ಣವೋ ಸಿಕ್ಕೀತು. ಸಿಕ್ಕರೆ ಕಪ್ಪು ಬಿಟ್ಟು ಅದನ್ನೇ ಬಳಿಸಿ. ಸ್ವಚ್ಛ ಮಾಡಿದ ದಿನವೇ ಜಿಂಕ್ ಫಾಸ್ಫೇಟ್ ಪ್ರೈಮರ್ ಬೀಳಲಿ, ಒಟ್ಟು ಎರಡು ಕೋಟು. ಸುರುಳಿಯ ಸಂದುಗಳಿಗೆ ಬ್ರಷ್ಷಿನಿಂದ ಇನ್ನೊಂದು. ಕೊಡಗಿನ ಮಳೆಗೆ ಸಿಗದಂತೆ ಜನವರಿಯಿಂದ ಮಾರ್ಚ್ ಒಳಗೆ, ಇಬ್ಬನಿ ಆರಿದ ಮೇಲೆ ಹಚ್ಚಿಸಿ.