ಏಜೆಂಟ್‌ಗಳ ನಡುವೆ ನಡೆಯುವುದನ್ನು ಬರೆಯಿರಿ

ಮಾನ್ಯರೇ,

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಇ-ಟೆಂಡರನ್ನು ಉದಾಹರಣೆಯಾಗಿ ಇಟ್ಟುಕೊಂಡು ಬಹು-ಏಜೆಂಟ್ ತಂತ್ರಾಂಶದ (ಒಬ್ಬೊಬ್ಬರ ಪರವಾಗಿ ತಾವೇ ವ್ಯವಹರಿಸುವ, 'ಏಜೆಂಟ್' ಎಂಬ ಹಲವು ಪ್ರೋಗ್ರಾಮುಗಳು ಕೂಡಿದ ವ್ಯವಸ್ಥೆಯ) ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯವನ್ನು ಕೈಬಿಡಲು ಮನಸ್ಸಿಲ್ಲದ ಕಾರಣ ವಿವರವಾಗಿ ಬರೆಯುತ್ತಿದ್ದೇನೆ.

ರೈತನ ಏಜೆಂಟ್ ಹೇಗೆ ಯೋಚಿಸುತ್ತದೆ, ಖರೀದಿದಾರನ ಏಜೆಂಟ್ ದರವನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದಕ್ಕೇ ಲೇಖನದ ಬಹುಭಾಗ ಹೋಗಿದೆ. ಅವುಗಳ ನಡುವೆ ನಡೆಯುವುದಕ್ಕೆ ಮಾತ್ರ 'ಏಜೆಂಟ್‌ಗಳು ಪರಸ್ಪರ ಸಂವಹನ ನಡೆಸಿ ನಿರ್ಧಾರಕ್ಕೆ ಬರುತ್ತವೆ' ಎಂಬ ಒಂದೇ ವಾಕ್ಯ ಸಿಕ್ಕಿದೆ. ನೀವು ವಿವರಿಸಬೇಕಾಗಿದ್ದುದೇ ಆ ವಾಕ್ಯವನ್ನು.

ಕಂಪ್ಯೂಟರ್ ವಿಜ್ಞಾನಿ ರೀಡ್ ಸ್ಮಿತ್ 1980ರಲ್ಲಿ ವಿವರಿಸಿದ ಕಾಂಟ್ರಾಕ್ಟ್ ನೆಟ್ ಪದ್ಧತಿಯಲ್ಲಿ ಒಂದು ಏಜೆಂಟ್ ಕರೆ ಕೊಡುತ್ತದೆ, ಉಳಿದವು ಗಡುವಿನೊಳಗೆ ಪ್ರಸ್ತಾವ ಸಲ್ಲಿಸುತ್ತವೆ, ಕರೆ ಕೊಟ್ಟ ಏಜೆಂಟೇ ಅವುಗಳಲ್ಲಿ ಆಯ್ಕೆ ಮಾಡುತ್ತದೆ. ಟೆಂಡರ್ ಇದರ ಪ್ರತಿರೂಪವೆಂದು ನೀವು ಹೇಳಿರುವುದನ್ನು ನಾನು ಒಪ್ಪಲಾರೆ. ಲಾಟಿಗೆ, ಅಂದರೆ ಮಾರಾಟಕ್ಕಿಟ್ಟ ಮಾಲಿನ ಒಂದು ರಾಶಿಗೆ, ಹೆಚ್ಚಿನ ದರ ಯಾರದೆಂದು ಘೋಷಿಸುವುದು ಮಾರುಕಟ್ಟೆಯಾದರೂ, ದರ ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದಿರುವ ಹಕ್ಕು ರೈತನದು. ಹಾಗಾದರೆ ರೈತ ಉತ್ತರಿಸುವ ತನಕ ಖರೀದಿದಾರನ ಏಜೆಂಟ್ ತಾನು ನಮೂದಿಸಿದ ದರಕ್ಕೆ ಬದ್ಧವಾಗಿರಬೇಕೇ? ಅದೇ ಹಣವನ್ನು ನಂಬಿ ಇನ್ನೊಂದು ಲಾಟಿಗೆ ದರ ಹಾಕಬಹುದೇ? ನಿರಾಕರಣೆಯ ಸಂದೇಶ ತಲುಪದೇ ಹೋದರೆ ಅದಕ್ಕೆ ಬಿಡುಗಡೆ ಯಾವಾಗ? ಬಹಳ ಒಳ್ಳೆಯ ಉದಾಹರಣೆಯನ್ನು ಆರಿಸಿಕೊಂಡು, ಅದರ ಕಠಿಣ ಭಾಗವನ್ನೇ ಬಿಟ್ಟುಬಿಟ್ಟಿದ್ದೀರಿ.

ಏಜೆಂಟ್‌ಗಳ ಸಂದೇಶಗಳಿಗೆ ರೂಪ ಮತ್ತು ಅರ್ಥವನ್ನು ಗೊತ್ತುಮಾಡುವ ಫಿಪಾ ಮಾನಕವನ್ನು ಹೊಗಳಿದ್ದೀರಿ. ಅದು ಸಂದೇಶದ ಅರ್ಥವನ್ನು ಕಳುಹಿಸುವ ಏಜೆಂಟಿನ ನಂಬಿಕೆ ಮತ್ತು ಉದ್ದೇಶಗಳ ಮೂಲಕ ನಿರೂಪಿಸುತ್ತದೆ. ಬೇರೆಯವರು ಬರೆದ ಪ್ರೋಗ್ರಾಮಿನ ಒಳಗನ್ನು ಹೊರಗಿನಿಂದ ನೋಡಲಾಗದ ಕಾರಣ, ಅದು ಮಾತಿಗೆ ತಪ್ಪಿತೇ ಎಂದು ಪರೀಕ್ಷಿಸುವ ದಾರಿಯೇ ಉಳಿಯುವುದಿಲ್ಲ. ಈ ಕ್ಷೇತ್ರದ ಸಂಶೋಧಕ ಮುನಿಂದರ್ ಸಿಂಗ್ 1998ರಲ್ಲಿ ಎತ್ತಿದ ಆಕ್ಷೇಪ ಇದೇ. ಅದರ ಬದಲು, ಯಾರು ಯಾರಿಗೆ ಏನನ್ನು ಮಾಡಿಕೊಡಲು ಬದ್ಧರಾದರು ಎಂಬುದನ್ನು ಎಲ್ಲರಿಗೂ ಕಾಣುವಂತೆ ದಾಖಲಿಸಿದರೆ, ತಪ್ಪಿದವರು ಯಾರೆಂದು ಸಂದೇಶಗಳನ್ನು ನೋಡಿಯೇ ಹೇಳಬಹುದು.

ಏಜೆಂಟ್‌ಗಳನ್ನು ರಚಿಸಲು ಬಳಸುವ ಜೇಡ್ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಬರೆದ ನಿಮ್ಮ ಕೋಡಿನಲ್ಲಿಯೂ ಇದೇ ದೋಷವಿದೆ. ಟೆಂಡರಿನ ನಿಯಮಗಳು ಪ್ರತಿ ಏಜೆಂಟಿನ ಷರತ್ತುಗಳೊಳಗೆ ಚದುರಿಹೋಗಿವೆ. ಗಡುವು ಬದಲಾದರೆ ಎಲ್ಲ ಏಜೆಂಟ್‌ಗಳನ್ನೂ ತಿದ್ದಬೇಕಾಗುತ್ತದೆ. ನಿಯಮಗಳನ್ನು ಪ್ರತ್ಯೇಕವಾಗಿ ಬರೆದಿಟ್ಟರೆ, ಚಿತ್ರದುರ್ಗದ ಯಾವುದೋ ವರ್ತಕರಿಗಾಗಿ ಇನ್ನೊಬ್ಬರು ಏಜೆಂಟ್ ಬರೆಯುವಾಗ ನಿಮ್ಮ ಕೋಡನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ರೈತ ದರವನ್ನು ನಿರಾಕರಿಸಿದ ಒಂದೇ ಒಂದು ಲಾಟನ್ನು ತೆಗೆದುಕೊಂಡು, ಪ್ರತಿ ಸಂದೇಶದಿಂದ ಯಾವ ಬದ್ಧತೆ ಹುಟ್ಟಿತು, ಯಾವುದು ತೀರಿತು, ಯಾವುದು ರದ್ದಾಯಿತು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಬರೆದು ಕಳುಹಿಸಿ. ಏಜೆಂಟ್‌ಗಳ ಒಳರಚನೆಗೆ ಒಂದು ಪ್ಯಾರಾ ಸಾಕು.

ಇಂತಿ,
ಸಂಪಾದಕ, ದಾವಣಗೆರೆ