ಶಿಯರ್ ವಾಲ್‌ನ ಡೋವೆಲ್ ಕಂಬಿ ಎಷ್ಟು ಆಳ ಇಳಿಯಬೇಕು?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಕಟ್ಟಡ ಹೊಸದಾಗಿ ಏಳುತ್ತಿದೆ. ರಾಫ್ಟ್ (ಇಡೀ ಕಟ್ಟಡದ ಅಡಿಯ ಕಾಂಕ್ರೀಟ್ ಹಾಸು) ದಪ್ಪ 600 ಮಿ.ಮೀ. ಶಿಯರ್ ವಾಲ್‌ನ (ಭೂಕಂಪದ ಅಡ್ಡ ತಳ್ಳಾಟ ತಡೆಯುವ ಕಾಂಕ್ರೀಟ್ ಗೋಡೆ) 16 ಮಿ.ಮೀ. ಡೋವೆಲ್‌ಗಳನ್ನು (ರಾಫ್ಟ್‌ಗೂ ಗೋಡೆಗೂ ಬೆಸುಗೆಯಾಗುವ ಕಂಬಿಗಳು) 400 ಮಿ.ಮೀ. ನೇರವಾಗಿ ಇಳಿಸಿದರೆ ಸಾಕು, ಗೋಡೆಯ ಭಾರವೇ ಒತ್ತಿ ಹಿಡಿಯುತ್ತದೆ ಎನ್ನುತ್ತಾರೆ ಕಾಂಟ್ರಾಕ್ಟರ್. ಸರಿಯೇ?

ಉತ್ತರ: ಸರಿಯಲ್ಲ. ಠಾಣೆ, ಪುಣೆಯ ಓದುಗರೂ ಇದನ್ನೇ ಕೇಳುತ್ತಾರೆ, ಪ್ರತಿ ಸಲವೂ ಅದೇ ‘ಗೋಡೆಯ ಭಾರ’ದ ಮಾತು! ನೆಲ ಸುಮ್ನೆ ಇದ್ದಾಗ ಭಾರ ಒತ್ತುತ್ತದೆ, ನಿಜ. ಭೂಮಿ ಕಂಪಿಸಿದರೆ ಗೋಡೆಯ ಒಂದು ತುದಿ ಒತ್ತುತ್ತದೆ, ಇನ್ನೊಂದು ಮೇಲೇಳಲು ನೋಡುತ್ತದೆ. ಮರುಕ್ಷಣ ಅದಲುಬದಲು. ಆ ಎಳೆತ ತಡೆಯಬೇಕಾದದ್ದು ಕಂಬಿಯೇ. ಭೂಕಂಪಕ್ಕೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 1893:2016ರ ಪ್ರಕಾರ ಮುಂಬೈ, ಪುಣೆ ಎರಡೂ 3ನೇ ಭೂಕಂಪ ವಲಯದಲ್ಲಿವೆ.

ಎಂ30 ದರ್ಜೆಯ ಕಾಂಕ್ರೀಟ್, ಎಫ್‌ಇ500 ದರ್ಜೆಯ ಕಂಬಿ ಆದರೆ ಕಾಂಕ್ರೀಟ್ ಮಾನದಂಡ ಐಎಸ್ 456ರ ಲೆಕ್ಕದಲ್ಲಿ ಎಳೆತಕ್ಕೆ ಕಂಬಿ ದಪ್ಪದ ಸುಮಾರು 45 ಪಟ್ಟು ಉದ್ದ ಕಾಂಕ್ರೀಟ್ ಒಳಗೆ ಬೇಕು. 16 ಮಿ.ಮೀ. ಕಂಬಿಗೆ ಅದು 725 ಮಿ.ಮೀ. ಕೆಳಗಿನ ಕವರ್ (ಕಂಬಿಯ ಹೊರಗೆ ಬಿಡುವ ಕಾಂಕ್ರೀಟ್ ಪದರ), ಕಂಬಿ ಜಾಲರಿ ಕಳೆದರೆ ನಿಮಗೆ ಸಿಗುವ ಆಳ ಸುಮಾರು 520. ಹಾಗಾಗಿ ಡೋವೆಲ್ ಕೆಳಗಿನ ಜಾಲರಿವರೆಗೂ ಇಳಿದು 90 ಡಿಗ್ರಿ ಬಾಗಬೇಕು. ಆ ಬಾಗಿಗೆ 8 ಪಟ್ಟು, ಅಂದರೆ 128 ಮಿ.ಮೀ. ಲೆಕ್ಕಕ್ಕೆ ಸಿಗುತ್ತದೆ. ಇನ್ನೂ 80ರಷ್ಟು ಕಡಿಮೆ, ಅಲ್ವಾ? ಅದನ್ನು ಬಾಗಿನ ಆಚೆ ಅಡ್ಡ ಚಾಚುವ ಕಾಲಿನಲ್ಲಿ ತುಂಬಿಸಬೇಕು. ನಾನಾದರೆ ಕಾಲನ್ನು 300 ಇಡಿಸುತ್ತೇನೆ. ಕಂಬಿ ಸ್ವಲ್ಪ ಜಾಸ್ತಿ ಹೋಗಲಿ.

‘ಆಳ ಸಾಲದಿದ್ದರೆ 20 ಮಿ.ಮೀ. ಹಾಕಿ’ ಎನ್ನುವವರ ಮಾತು ಕೇಳಲೇಬೇಡಿ. ದಪ್ಪ ಹೆಚ್ಚಿದಷ್ಟೂ ಬೇಕಾದ ಉದ್ದವೂ ಹೆಚ್ಚುತ್ತದೆ; 20ಕ್ಕೆ 905 ಮಿ.ಮೀ. ಬೇಕು. ದಾರಿ ಇರುವುದು ಉಲ್ಟಾ ಕಡೆ: 16ನ್ನು 200 ಮಿ.ಮೀ. ಅಂತರದಲ್ಲಿ ಹಾಕುವ ಬದಲು 12ನ್ನು 110ರಲ್ಲಿ ಹಾಕಿದರೆ ಉಕ್ಕು ಅಷ್ಟೇ, ಉದ್ದ 545 ಸಾಕು. ಆದರೆ ಡಿಸೈನ್ ಮಾಡಿದ ಎಂಜಿನಿಯರ್ ಲಿಖಿತವಾಗಿ ಒಪ್ಪದೆ ಬದಲಿಸಬೇಡಿ.

ರಾಫ್ಟ್ ಮೇಲೆಯೇ ಎಲ್ಲ ಕಂಬಿಗಳ ಲ್ಯಾಪ್ (ಒಂದರ ಪಕ್ಕ ಒಂದಿಟ್ಟು ಜೋಡಿಸುವುದು) ಕೊಡುವುದು ಇನ್ನೊಂದು ಕೆಟ್ಟ ಅಭ್ಯಾಸ. ದೊಡ್ಡ ಕಂಪನದಲ್ಲಿ ಗೋಡೆ ಮೊದಲು ಸೋಲುವುದು ಬುಡದಲ್ಲೇ. ಅಲ್ಲಿ ಆದಷ್ಟು ಲ್ಯಾಪ್ ಬೇಡ ಎಂದು ಭೂಕಂಪಕ್ಕೆ ಕಂಬಿ ಕಟ್ಟುವ ಮಾನದಂಡ ಐಎಸ್ 13920 ಹೇಳುತ್ತದೆ.

ಪ್ರಶ್ನೆ: ಜಾಗ ತಪ್ಪಿದ ಡೋವೆಲ್ ಅನ್ನು ಗ್ಯಾಸ್‌ನಲ್ಲಿ ಕಾಯಿಸಿ ಬಾಗಿಸಬಹುದೇ?

ಉತ್ತರ: ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಹೊರಗೆ ಚಾಚಿದ್ದ ಡೋವೆಲ್ ತುಕ್ಕು ಹಿಡಿದಿದೆ.

ಉತ್ತರ: ತಂತಿ ಬ್ರಷ್‌ನಲ್ಲಿ ಉಜ್ಜಿ. ಪದರ ಪದರವಾಗಿ ಉದುರಿ ಕಂಬಿ ಸಣ್ಣಗಾಗಿದ್ದರೆ ಎಂಜಿನಿಯರ್‌ರನ್ನು ಕರೆಸಿ.

ಪ್ರಶ್ನೆ: ಗೋಡೆ ಎಬ್ಬಿಸುವ ಮುಂಚೆ ರಾಫ್ಟ್ ಮೇಲೆ ಸಿಮೆಂಟ್ ಹಾಲು ಸುರಿದರೆ ಸಾಲದೇ?

ಉತ್ತರ: ಸಾಲದು. ಮೇಲಿನ ಬಲವಿಲ್ಲದ ಸಿಮೆಂಟ್ ಪದರ ಕೆತ್ತಿ, ಜಲ್ಲಿ ಕಾಣುವಂತೆ ಒರಟು ಮಾಡಿ, ತೊಳೆಯಿರಿ. ಆಮೇಲೆ ಕಾಂಕ್ರೀಟ್.