ಇಂಗ್ಲಿಷಿನ ಜೋಡಿ ಕ್ರಿಯಾಪದಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

‘ಪುಟ್’, ‘ಆಫ್’, ‘ಅಪ್’ ಎಂಬ ಪದಗಳು ಬಿಡಿಬಿಡಿಯಾಗಿ ಗೊತ್ತಿದ್ದರೂ ‘ಪುಟ್ ಆಫ್’, ‘ಪುಟ್ ಅಪ್’ ಎಂದು ಜೊತೆಗೂಡಿ ಬಂದಾಗ ಅರ್ಥ ಹೊಳೆಯುವುದಿಲ್ಲ, ನಿಘಂಟೂ ನೆರವಾಗುತ್ತಿಲ್ಲ ಎಂದು ತಾವು ಬರೆದಿದ್ದೀರಿ. ಮಡಿಕೇರಿ ಸಮೀಪದ ಒಂದು ಹೋಂಸ್ಟೇಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ನನ್ನನ್ನೂ ಈ ತೊಡಕು ಬಹಳ ಕಾಲ ಕಾಡಿತ್ತು.

ಒಮ್ಮೆ ಅತಿಥಿಯೊಬ್ಬರು, ಪ್ರವಾಸವನ್ನು ‘ಪುಟ್ ಆಫ್’ ಮಾಡಬೇಕಾಗಿದೆ, ಮುಂದಿನ ಶನಿವಾರ ‘ಪುಟ್ ಅಸ್ ಅಪ್’ ಮಾಡಲು ಸಾಧ್ಯವೇ ಎಂದು ಇಮೇಲ್ ಕಳುಹಿಸಿದ್ದರು. ‘ಆಫ್’ ಎಂದರೆ ದೀಪ ಆರಿಸಿದ ಹಾಗೆ ಎಲ್ಲವೂ ಮುಗಿಯಿತೆಂದು ತಿಳಿದ ನಾನು ಅವರ ಬುಕಿಂಗ್ ರದ್ದು ಮಾಡಿ, ಶನಿವಾರದ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಅವರು ಕೇಳಿದ್ದಾದರೋ, ಪ್ರವಾಸವನ್ನು ಮುಂದೂಡಿದ್ದೇವೆ, ಶನಿವಾರ ತಂಗಲು ಜಾಗ ಕೊಡುತ್ತೀರಾ ಎಂದು. ರದ್ದುಪಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಕಾಲ್ ಆಫ್’ ಎಂಬ ಬೇರೆಯೇ ಜೋಡಿ ಇದೆ. ‘ಪುಟ್ ಅಪ್’ಗೆ ‘ವಿತ್’ ಸೇರಿತೆಂದರೆ ಸಹಿಸಿಕೊಳ್ಳುವುದು ಎಂದಾಗುತ್ತದೆ.

ಆದ್ದರಿಂದ ಜೋಡಿಯನ್ನು ಒಡೆದು ನೋಡಬೇಡಿ, ಇಡಿಯಾಗಿ ಒಂದೇ ಪದವೆಂದು ಕಲಿಯಿರಿ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದವರು ‘ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೈಕೊಟ್ಟಿತು’ ಎಂದರೆ ಯಂತ್ರಕ್ಕೆ ಕೈ ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ. ಅದನ್ನೇ ಇಂಗ್ಲಿಷಿನವರು ‘ಬ್ರೋಕ್ ಡೌನ್’ ಎನ್ನುತ್ತಾರೆ, ಅಲ್ಲಿಯೂ ಏನೂ ಕೆಳಗೆ ಬಿದ್ದಿರುವುದಿಲ್ಲ. ಮನೆಯಲ್ಲಿ ಕೊಡವ ತಕ್ಕ್ ಆಡಿ ಶಾಲೆಯಲ್ಲಿ ಕನ್ನಡ ಕಲಿತ ನಾನು ಕೈಬಿಡು, ಕೈಹಾಕು, ಕೈಗೊಳ್ಳು ಎಂಬ ಮಾತುಗಳನ್ನು ಕೂಡ ಹೀಗೆ ಇಡಿಯಾಗಿಯೇ ಕಲಿತೆ.

ಹಾಗೆಂದು ಎರಡನೆಯ ಪದಕ್ಕೆ ಅರ್ಥವೇ ಇಲ್ಲವೆಂದಲ್ಲ. ‘ಡ್ರಿಂಕ್ ಅಪ್’, ‘ಈಟ್ ಅಪ್’, ‘ಯೂಸ್ ಅಪ್’ ಎಂಬಲ್ಲಿ ‘ಅಪ್’ ಕೆಲಸ ಪೂರ್ತಿಯಾಗಿ ಮುಗಿಯುವುದನ್ನು ಹೇಳುತ್ತದೆ, ನಮ್ಮ ‘ಕುಡಿದುಬಿಡು’ ಎಂಬುದರಲ್ಲಿ ‘ಬಿಡು’ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ನನಗೆ ಅತ್ಯಂತ ಸಹಾಯವಾದದ್ದು ಈ ಹೋಲಿಕೆಯೇ. ಆದರೆ ಎಲ್ಲ ‘ಅಪ್’ಗಳಿಗೂ ಇದನ್ನು ಅನ್ವಯಿಸಲಾಗದು.

ನಿಘಂಟಿನಲ್ಲಿ ‘ಪುಟ್’ನ ಮೊದಲ ಅರ್ಥಕ್ಕೇ ನಿಲ್ಲದೆ ಕೆಳಗೆ ಸಾಗಿದರೆ ಜೋಡಿಗಳು ಪ್ರತ್ಯೇಕವಾಗಿ ಸಿಗುತ್ತವೆ. ಬರೆದುಕೊಳ್ಳುವಾಗ ‘ಇಟ್’ ಎಂಬ ಸರ್ವನಾಮವನ್ನೂ ಸೇರಿಸಿಕೊಳ್ಳಿ, ಏಕೆಂದರೆ ‘ಪುಟ್ ಇಟ್ ಆಫ್’ ಎನ್ನಬೇಕೇ ಹೊರತು ‘ಪುಟ್ ಆಫ್ ಇಟ್’ ಎನ್ನುವಂತಿಲ್ಲ, ನೋಡಿಕೊಳ್ಳುವುದು ಎಂಬರ್ಥದ ‘ಲುಕ್ ಆಫ್ಟರ್’ನಲ್ಲಾದರೆ ‘ಇಟ್’ ಕೊನೆಗೇ ಬರಬೇಕು. ಈ ವ್ಯತ್ಯಾಸ ಜೋಡಿಯಿಂದ ಜೋಡಿಗೆ ಬದಲಾಗುವುದರಿಂದ, ನನ್ನ ಪುಸ್ತಕದಲ್ಲಿ ಪ್ರತಿಯೊಂದನ್ನೂ ಅತಿಥಿಗಳ ಪತ್ರದಲ್ಲಿ ಬಂದ ಪೂರ್ತಿ ವಾಕ್ಯದೊಡನೆಯೇ ಬರೆದಿಟ್ಟುಕೊಂಡಿದ್ದೇನೆ.